ಕೈ ಸೋಕದ ಪೊಟ್ಟಣ

2024ನೇ ಇಸವಿ ನವೆಂಬರ್ 20, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಬೆನ್ನಿಗೆ ಕಪ್ಪು ಮಾರ್ಕರಿನಲ್ಲಿ ಇಷ್ಟು ಬರೆದು, ಅದರ ಕೆಳಗೆ ‘ಗಂಗಾಮಣಿ, ಬಲಗೈ’ ಎಂದು ಸೇರಿಸುವಾಗ ದ್ರಾಕ್ಷಾಯಣಿಗೆ ತಾನು ಯಾವುದೋ ಠಾಣೆಯಲ್ಲಿ ಕೂತು ಕಳ್ಳಿಯೊಬ್ಬಳ ಬೆರಳಚ್ಚು ತೆಗೆದುಕೊಳ್ಳುತ್ತಿದ್ದೇನೆ ಅನ್ನಿಸಿ ಕಿವಿಯ ತುದಿ ಬಿಸಿಯಾಯಿತು. ಗಂಗಾಮಣಿ ಆಗಲೇ ಮೂರು ಸಲ ಕೈ ತೊಳೆದುಕೊಂಡಿದ್ದಳು. ತೊಳೆಯಬಾರದು, ಕೆಲಸ ಮಾಡುವಾಗ ಹೇಗಿರುತ್ತದೋ ಹಾಗೇ ಇರಬೇಕು ಎಂದು ಹೇಳುವಷ್ಟರಲ್ಲಿ ನಾಲ್ಕನೆಯ ಸಲ ತೊಳೆದು, ಸೆರಗಿಗೂ ಒರೆಸಿಕೊಳ್ಳದೆ, ಹತ್ತೂ ಬೆರಳನ್ನು ಅಗಲಿಸಿ ಮುಂದೆ ಹಿಡಿದುಕೊಂಡು ಬಂದು ನಿಂತಳು. ಬಾಗಿಲಲ್ಲಿ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಪುಟ್ಟಸ್ವಾಮಿ, ಅವನ ಹಿಂದೆ ಕುರಿದೊಡ್ಡಿಯ ಇಬ್ಬರು ಆಳುಗಳು. ಮಾಲೀಕ ಪ್ರತಾಪ್ ಕಿಟಕಿಯ ಕಡೆ ಮುಖ ಮಾಡಿ ಫೋನು ನೋಡುತ್ತಿದ್ದರೂ ಕಿವಿಯನ್ನು ಇಲ್ಲೇ ಬಿಟ್ಟಿದ್ದ. “ಗಟ್ಟಿಗೆ ಒತ್ತದಾ ಮೇಡಂ, ಮೆತ್ತಗಾ?” ಎಂದಳು ಗಂಗಾಮಣಿ. “ಮೆತ್ತಗೆ. ಜೆಲ್ಲು ಒಡೀಬಾರದು.” ಬೂದುಬಣ್ಣದ ಅಗಾರ್ ಜೆಲ್ಲಿನ ಮೇಲೆ ಐದು ಬೆರಳು ಇಳಿದವು, ಐದು ಸಣ್ಣ ತಗ್ಗು ಬಿದ್ದವು. “ರೇಷನ್ ಅಂಗ್ಡೀಲೂ ಹಿಂಗೇ ಒತ್ತುಸ್ಕತಾರೆ. ಅಲ್ಲಿ ಅಕ್ಕಿಯಾರಾ ಕೊಡ್ತಾರೆ,” ಎಂದು ಅವಳು ನಗಲು ನೋಡಿದಳು. ಪುಟ್ಟಸ್ವಾಮಿ ಬಾಗಿಲಿಂದಲೇ, “ಎಡಗೈನೂ ಬುಡಬ್ಯಾಡಿ ಮೇಡಂ, ಅದ್ರಾಗೇ ಇರದು ಎಲ್ಲಾ ಮಸಾಲೆ,” ಅಂದ. ಆಳುಗಳು ನಕ್ಕರು. ಗಂಗಾಮಣಿ ನಗಲಿಲ್ಲ. ದ್ರಾಕ್ಷಾಯಣಿ ಯಾರ ಮುಖವನ್ನೂ ನೋಡದೆ ಎಡಗೈಯ ಪ್ಲೇಟಿಗೂ ಮುಚ್ಚಳ ಹಾಕಿದಳು. ಯಾಕೆಂದರೆ ಅವಳಿಗೆ ಗೊತ್ತಿತ್ತು: ಈ ಕೈಯಲ್ಲಿ ಏನೇ ಇರಲಿ, ಬಾಟಲಿ ಕೆಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಗೊತ್ತಿದ್ದೂ ಒತ್ತಿಸಿಕೊಂಡಳು.

ಗೊತ್ತಿರಲಾರದೆ ಏನು, ಐದು ವರ್ಷದಿಂದ ಇಲ್ಲಿ ಬಾಟಲಿ ತುಂಬುವುದು, ಪರೀಕ್ಷಿಸುವುದು ಅವಳದೇ ಕೆಲಸ. ಪಾಳ್ಯದಿಂದ ಆರು ಕಿಲೋಮೀಟರು ಒಳಗೆ, ಹಳೆಯ ಕಾಫಿ ಸ್ಟೋರಿಗೆ ಟೈಲ್ಸು ಹಾಕಿಸಿ, ಎಸಿ ಕೂರಿಸಿ, ಪ್ರತಾಪ್ ಈ ಸೀರಂ ಘಟಕ ಶುರುಮಾಡಿದಾಗ ಸುತ್ತಲಿನವರು ‘ಕುರಿ ರಕ್ತದ ಫ್ಯಾಕ್ಟ್ರಿ’ ಎಂದು ಮೂಗು ಮುರಿದಿದ್ದರು. ನೂರಹತ್ತು ಕುರಿಗಳು, ಒಂದನ್ನೂ ಕೊಲ್ಲುವುದಿಲ್ಲ. ತಿಂಗಳಿಗೊಮ್ಮೆ ಸರದಿಯ ಮೇಲೆ ಒಂದೊಂದರ ಕತ್ತಿನ ನರದಿಂದ ಅಳತೆಯಷ್ಟು ರಕ್ತ ತೆಗೆಯುವುದು ಗಂಗಾಮಣಿಯ ಕೆಲಸ. ಹೆಪ್ಪುಗಟ್ಟಿದ ಮೇಲೆ ತೇಲುವ ತಿಳಿಯೇ ಸೀರಂ, ಎಳೆ ಬೆಲ್ಲದ ಪಾಕದ ಬಣ್ಣ. ಅದನ್ನೆಲ್ಲ ಒಂದೇ ಪಾತ್ರೆಗೆ ಬಸಿದು, ಮಿಲಿಮೀಟರಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ತೂತಿನ ಫಿಲ್ಟರಿನಲ್ಲಿ ಸೋಸಿ, ಬಾಟಲಿಗೆ ತುಂಬಿ, ಐವತ್ತಾರು ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ಮೈನಸ್ ಇಪ್ಪತ್ತರ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸುತ್ತಾರೆ. ಲ್ಯಾಬುಗಳಲ್ಲಿ ಗಾಜಿನ ಬುಡ್ಡಿಯೊಳಗೆ ಬೆಳೆಸುವ ಜೀವಕೋಶಗಳಿಗೆ ಈ ಸೀರಮ್ಮೇ ತಾಯಿಹಾಲು. ಬ್ಯಾಕ್ಟೀರಿಯಾಕ್ಕೂ ಅಷ್ಟೇ ರುಚಿ. ಒಂದೇ ಒಂದು ಜೀವಂತವಾಗಿ ಒಳಗೆ ಉಳಿದರೂ ಸಾಕು, ಲ್ಯಾಬಿನ ಮೂವತ್ತೇಳು ಡಿಗ್ರಿ ಬೆಚ್ಚಗಿನಲ್ಲಿ ಎರಡು ದಿನಕ್ಕೆ ಬುಡ್ಡಿಯೆಲ್ಲ ಗಂಜಿಯಂತಾಗುತ್ತದೆ. ಗಂಗಾಮಣಿಯ ಕೈ ಇರುವುದು ಫಿಲ್ಟರಿನ ಆಚೆ. ಆಚೆಯ ಕೊಳೆ ಆ ತೂತು ದಾಟಿ ಈಚೆ ಬರುವಂತಿಲ್ಲ. ಮೇಲಾಗಿ, ರಕ್ತದಲ್ಲೇ ದೋಷವಿದ್ದಿದ್ದರೆ ಒಂದೇ ಪಾತ್ರೆಯಿಂದ ತುಂಬಿದ ನಲವತ್ತೆಂಟು ಬಾಟಲಿಯೂ ಕೆಡಬೇಕಿತ್ತು. ಮೈಸೂರಿನ ಲ್ಯಾಬಿನಿಂದ ಬಂದ ದೂರಿನಲ್ಲಿ ಕೆಟ್ಟ ಬಾಟಲಿಗಳ ನಂಬರು ಸ್ಪಷ್ಟವಾಗಿತ್ತು: ಒಂದರಿಂದ ಒಂಬತ್ತು. ಹತ್ತರಿಂದ ಮುಂದಿನವು ತಿಳಿಯಾಗಿಯೇ ಇವೆ. ತುಂಬುವಾಗ, ಮೊದಲ ಒಂಬತ್ತಕ್ಕೆ ಏನೋ ಬಿದ್ದಿದೆ. ತುಂಬುವ ದಿನ ಆ ಕೋಣೆಗೆ ದ್ರಾಕ್ಷಾಯಣಿಯ ಹೊರತು ಇನ್ನಾರೂ ಹೋಗುವುದಿಲ್ಲ. ಇದನ್ನು ಪತ್ತೆಹಚ್ಚಲು ಎಂ.ಎಸ್ಸಿ. ಬೇಕಿರಲಿಲ್ಲ, ಅಡುಗೆಮನೆಯ ತಿಳಿವಳಿಕೆ ಸಾಕಿತ್ತು.

ಆದರೆ ಮೇಜಿನ ಮೇಲೆ ವರದಿ ಆಗಲೇ ಟೈಪಾಗಿ ಬಂದು ಕೂತಿತ್ತು. ‘ಮೂಲ ಕಾರಣ: ರಕ್ತ ತೆಗೆಯುವ ಹಂತದಲ್ಲಿ ಕೆಲಸಗಾರ್ತಿಯ ಕೈ ಶುಚಿತ್ವದ ಲೋಪ. ಕೈಗೊಂಡ ಕ್ರಮ: ಸದರಿ ಕೆಲಸಗಾರ್ತಿಯನ್ನು ಬದಲಿಸಲಾಗಿದೆ.’ ಕೆಳಗೆ ಅವಳ ಸಹಿಗೆ ಜಾಗ ಬಿಟ್ಟಿದ್ದರು. ಬೆರಳಚ್ಚಿನ ಪ್ಲೇಟು ವರದಿಗೆ ಲಗತ್ತು, ಅಷ್ಟೆ. ಯಾರ ಬೆರಳು ಒತ್ತಿಸಿದರೂ ಏನಾದರೊಂದು ಬೆಳೆಯುತ್ತದೆ, ದೇವರ ಬೆರಳನ್ನು ಒತ್ತಿಸಿದರೂ ಬೆಳೆಯುತ್ತದೆ, ಅದು ಪ್ರತಾಪನಿಗೂ ಗೊತ್ತು. “ಶನಿವಾರ ಸಂಜೆ ಐದರೊಳಗೆ ಕಳಿಸ್ಬೇಕು ಮೇಡಂ. ಹ್ಯೂಮನ್ ಎರರ್ ಅಂತ ಹಾಕಿದ್ರೆ ಅವರೂ ಒಪ್ಕೋತಾರೆ. ಗಂಗಾಮಣಿಗೇನೂ ಕೆಲಸ ಹೋಗಲ್ಲ, ಕಾಫಿ ಕೊಯ್ಲಿಗೆ ಹಾಕಂತೀನಿ,” ಎಂದಿದ್ದ ಅವನು, ಮೃದುವಾಗಿ, ಕೆಟ್ಟವನಲ್ಲದವನ ದನಿಯಲ್ಲಿ. ಆ ಮೃದುತನವೇ ಅವಳನ್ನು ಹೆಚ್ಚು ಕೆರಳಿಸಿತ್ತು. ಕಾಫಿ ಕೊಯ್ಲು! ಕಣ್ಣು ಮುಚ್ಚಿಕೊಂಡು ಕುರಿಯ ಕತ್ತಿನ ನರ ಹುಡುಕುವ ಕೈ ಅದು. ಸೂಜಿ ಚುಚ್ಚಿದ್ದು ಕುರಿಗೇ ಗೊತ್ತಾಗದ ಹಾಗೆ, ಅದರ ಕಿವಿಯಲ್ಲಿ ಏನೋ ಗೊಣಗುತ್ತ ರಕ್ತ ತೆಗೆಯುವವಳು. ಹಾಸನದಿಂದ ತರಬೇತಿಗೆ ಬಂದ ಪಶುವೈದ್ಯ ಹುಡುಗಿಯರು ಎರಡು ಸಲ ತಪ್ಪಿಸಿದಾಗ, “ತಡೀರಮ್ಮಾ, ಅದ್ಕೂ ನೋವಾಯ್ತದೆ,” ಎಂದು ಸಿರಿಂಜು ಕಿತ್ತುಕೊಂಡಿದ್ದವಳು. ‘ಕೊಳಕು ಕೈ’ ಎಂದು ಕಾಗದದ ಮೇಲೆ ಒಮ್ಮೆ ಬಿದ್ದರೆ ಆ ಕೈಗೆ ಇನ್ನು ಸಿರಿಂಜು ಕೊಡುವವರು ಯಾರು?

ಊಟದ ಹೊತ್ತಿಗೆ ಮತ್ತೆ ಮೈಸೂರಿನ ಪತ್ರ ತೆಗೆದು ಓದಿದಳು. ಅಧಿಕೃತ ದೂರಿನ ಕೆಳಗೆ ಬಿಂದುಶ್ರೀ ಎಂಬ ಸಂಶೋಧನಾ ವಿದ್ಯಾರ್ಥಿನಿ ತನ್ನದೇ ನಾಲ್ಕು ಸಾಲು ಸೇರಿಸಿದ್ದಳು: ‘ಎಂಟು ತಿಂಗಳಿಂದ ಬೆಳೆಸಿದ ಕೋಶಗಳು ಒಂದು ವಾರಾಂತ್ಯದಲ್ಲಿ ಹೋದವು. ನಿಮ್ಮ ಪ್ರಮಾಣಪತ್ರದಲ್ಲಿ ಹದಿನಾಲ್ಕು ದಿನ ಪರೀಕ್ಷಿಸಿ ಬೆಳವಣಿಗೆ ಇಲ್ಲ ಎಂದಿದೆ. ಯಾವ ಬಾಟಲಿಯನ್ನು ಪರೀಕ್ಷಿಸಿದಿರಿ ಎಂದು ದಯವಿಟ್ಟು ತಿಳಿಸುವಿರಾ?’ ದಯವಿಟ್ಟು. ಆ ಒಂದು ಪದ ಅನ್ನದೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಕ್ಕಿತು. ಯಾವ ಬಾಟಲಿ ಅಂದರೆ ನಲವತ್ತೆಂಟನೆಯದು, ಅರ್ಧ ತುಂಬಿದ್ದು. ನಿಯಮ ಹೇಳುವುದು ಮೊದಲಿನದು, ನಡುವಿನದು, ಕೊನೆಯದು ಎಂದು. ಶುರುವಿನ ಎರಡು ವರ್ಷ ಅವಳು ಹಾಗೇ ಮಾಡುತ್ತಿದ್ದಳು. ಆಮೇಲೆ ಒಂದು ದಿನ ಪ್ರತಾಪ್, “ತುಂಬಿದ ಬಾಟ್ಲಿ ಯಾಕೆ ಒಡೀತೀರಿ ಮೇಡಂ, ಕೊನೇಲಿ ಅರ್ಧಂಬರ್ಧ ಉಳಿಯುತ್ತಲ್ಲ, ಅದನ್ನೇ ಟೆಸ್ಟಿಗೆ ಹಾಕಿ,” ಎಂದ. ಅದು ಅವನ ಮನೆತನದ ಬುದ್ಧಿ. ಕಾಫಿಯವರ ಮನೆಯಲ್ಲಿ ಒಳ್ಳೆ ಕಾಫಿಬೀಜ ಎಲ್ಲ ಮಾರ್ಕೆಟ್ಟಿಗೆ ಹೋಗುತ್ತದೆ. ಒಡಕು, ಕಪ್ಪು, ಜೊಳ್ಳು ಮನೆಯ ಡಬ್ಬಕ್ಕೆ. ತಾವು ಬೆಳೆದ ಒಳ್ಳೆಯ ಕಾಫಿಯ ರುಚಿ ಏನೆಂದು ಮೂರು ತಲೆಮಾರಿನಿಂದ ಅವರಿಗೇ ತಿಳಿಯದು. ಪುಡಿಗಾಗಿ ಉಳಿಸಿಕೊಳ್ಳುವ ಒಡಕಿನ ಹಾಗೆ, ಪರೀಕ್ಷೆಗೂ ಉಳಿಕೆ. ಸಂಬಳ ಕೊಡುವವನು ನಕ್ಕು ಹೇಳಿದ ಮಾತಿಗೆ ನಿಯಮದ ಪುಸ್ತಕ ತೆಗೆಯುವುದು ಹೇಗೆ ಎಂದು ಸುಮ್ಮನಾಗಿ, ಮೂರು ವರ್ಷ ಸುಮ್ಮನಿದ್ದು, ಪ್ರತಿ ಪ್ರಮಾಣಪತ್ರಕ್ಕೂ ತನ್ನ ದುಂಡು ಅಕ್ಷರದ ಸಹಿ ಹಾಕಿದ್ದಳು.

ಗುರುವಾರ ಬೆಳಿಗ್ಗೆ ಆಲೂರಿನಿಂದ ಬಸ್ಸು ತಡ. ಪಾಳ್ಯದ ದಾರಿಯಲ್ಲಿ ಆನೆ ನಿಂತಿದೆ ಎಂದು ಫೋನಿಗೆ ಮೆಸೇಜು ಬಂದು, ಜನ ಬಸ್ಸಿನಲ್ಲೇ ಕೂತು ತೂಕಡಿಸಿದರು. ದ್ರಾಕ್ಷಾಯಣಿ ಬಂದಾಗ ಗಂಗಾಮಣಿ ಲ್ಯಾಬಿನ ಮೆಟ್ಟಿಲ ಮೇಲೆ ಕೂತಿದ್ದಳು, ಎರಡು ಕೈಯನ್ನೂ ಮಡಿಲಲ್ಲಿ ಮಗ್ಗುಲು ಮಾಡಿ ಮಲಗಿಸಿಕೊಂಡು, ಅವು ತನ್ನವಲ್ಲ ಎಂಬ ಹಾಗೆ. ದ್ರಾಕ್ಷಾಯಣಿ ಅವಳನ್ನು ಒಳಗೆ ಕರೆದು ಪ್ಲೇಟು ತೆಗೆದು ತೋರಿಸಿದಳು. ಬೆರಳು ಬಿದ್ದಲ್ಲೆಲ್ಲ ಸಾಸಿವೆ ಕಾಳಿನಷ್ಟು ಬಿಳಿ, ತಿಳಿಹಳದಿ ಚುಕ್ಕೆಗಳು, ನುಣುಪಾಗಿ. ಚರ್ಮದ ಮೇಲೆ ಎಲ್ಲರಿಗೂ ಇರುವಂಥವು. ಪಕ್ಕದಲ್ಲಿ ತನ್ನ ಕೈಯದನ್ನೂ ಇಟ್ಟಳು. ನಿನ್ನೆ ಎಲ್ಲರೂ ಹೋದ ಮೇಲೆ ತಾನೂ ಒತ್ತಿಕೊಂಡಿದ್ದಳು. ಅದೇ ಸಾಸಿವೆ, ಒಂದಿಷ್ಟು ಹೆಚ್ಚೇ. ಮೂರನೆಯ ಪ್ಲೇಟಿನಲ್ಲಿ ಮೈಸೂರಿನವರು ಹಿಂದಿರುಗಿಸಿದ ಬಾಟಲಿಯಿಂದ ಬೆಳೆಸಿದ್ದಿತ್ತು: ಅಗಲಕ್ಕೆ ಹರಡಿದ, ಅಂಚು ಹರಿದ, ಒಣಗಿದ ಗಂಜಿ ಚೆಲ್ಲಿದಂಥ ಬೂದು ಕಾಲೊನಿ, ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ಗುಂಪು. “ಇದು ಬಾಟಲಿದು. ಇದು ನಿಮ್ಮದು. ಎರಡಕ್ಕೂ ಏನೂ ಸಂಬಂಧ ಇಲ್ಲ ಗಂಗಾಮಣಿ.” ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. “ನಿಮ್ ಕೈಯಾಗೇ ಜಾಸ್ತಿ ಐತಲ್ಲ ಮೇಡಂ,” ಎಂದಳು, ತುಸು ಖುಷಿಯಿಂದ. ಆಮೇಲೆ ಖುಷಿ ಇಳಿಯಿತು. “ಇವು ಬೆಳೆಯಾಕ್ ಮುಂಚೇನೇ ಗೊತ್ತಿತ್ತಾ ನಿಮ್ಗೆ, ನನ್ ಕೈ ಅಲ್ಲ ಅಂತ?”

“ಗೊತ್ತಿತ್ತು.”

“ಮತ್ಯಾಕ್ ಒತ್ತಿಸ್ಕಂಡ್ರಿ, ಆ ಪುಟ್ಸಾಮಿ ಮುಂದೆ?”

ದ್ರಾಕ್ಷಾಯಣಿ ಪ್ಲೇಟಿನ ಮುಚ್ಚಳವನ್ನು ಎತ್ತಿ ಮತ್ತೆ ಮುಚ್ಚಿದಳು. ಗಂಗಾಮಣಿ ಕುರಿ ಬಿಡುವ ಹೊತ್ತಾಯಿತು ಎಂದು ಎದ್ದು ಹೋದಳು. ಹೋಗುವಾಗ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಹೋದಳು, ಕೈ ತಾಗಿಸದೆ.

ಆ ಮೊಣಕೈ ಕಣ್ಣಿನಿಂದ ಸರಿಯದೆ, ದ್ರಾಕ್ಷಾಯಣಿ ಬೂದು ಕಾಲೊನಿಯ ಒಂದು ತುಣುಕನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಉದ್ದುದ್ದ ಕಡ್ಡಿಗಳು, ಸಾಲಾಗಿ. ಒಂದೊಂದು ಕಡ್ಡಿಯೊಳಗೂ ಹೊಳೆಯುವ ಒಂದು ಕಾಳು. ಬೀಜಾಣು. ಕಷ್ಟಕಾಲ ಬಂದಾಗ ಈ ಜಾತಿಯವು ತಮ್ಮ ಸಾರವನ್ನೆಲ್ಲ ಒಂದು ಗಟ್ಟಿ ಸಿಪ್ಪೆಯೊಳಗೆ ಮುದುಡಿಕೊಂಡು ವರ್ಷಗಟ್ಟಲೆ ಸುಮ್ಮನೆ ಕೂರುತ್ತವೆ. ಸ್ಪಿರಿಟ್ಟಿಗೆ ಸಾಯುವುದಿಲ್ಲ, ಐವತ್ತಾರು ಡಿಗ್ರಿಗೆ ಸಾಯುವುದಿಲ್ಲ, ಮಂಜುಗಡ್ಡೆಗೆ ಸಾಯುವುದಿಲ್ಲ. ಬೆಚ್ಚಗೆ, ತಿನ್ನಲು ಸಿಕ್ಕಿತೆಂದರೆ ಸಿಪ್ಪೆ ಒಡೆದು ಏನೂ ಆಗದವರಂತೆ ಎದ್ದು ಹರಡುತ್ತವೆ. ಇವುಗಳ ಮನೆ ಮಣ್ಣು, ಧೂಳು, ದವಸ, ಮಸಾಲೆಪುಡಿ. ಕಾಲೇಜಿನಲ್ಲಿ ಮೇಷ್ಟ್ರು ಬರೆಸಿದ ಸಾಲು ಹಾಗೇ ನೆನಪಿಗೆ ಬಂತು: ಮೆಣಸು, ಧನಿಯ, ಅರಿಶಿನ. ಅರಿಶಿನ ಎಂಬಲ್ಲಿಗೆ ಅವಳ ಮನಸ್ಸು ನಿಂತಿತು. ಅಂಗಿ, ಟೋಪಿ, ಗ್ಲೌಸು ತೊಟ್ಟು ತುಂಬುವ ಕೋಣೆಗೆ ಹೋದಳು. ಯಂತ್ರದ ನಳಿಕೆಯನ್ನು ಪ್ರತಿ ಸಲ ಬಿಚ್ಚಿ ಆವಿಯಲ್ಲಿ ಬೇಯಿಸುತ್ತಾರೆ. ಆದರೆ ನಳಿಕೆ ಕಚ್ಚಿಕೊಳ್ಳುವ ಸ್ಟೀಲಿನ ಕಾಲರು ಯಂತ್ರದ್ದೇ ಅಂಗ, ಅದು ಬಿಚ್ಚಿ ಬರುವುದಿಲ್ಲ. ಟಾರ್ಚು ಹಿಡಿದು, ಬಗ್ಗಿ, ಕಾಲರಿನ ತಿರುಪಿನ ಗೆರೆಗಳನ್ನು ಸುತ್ತಲೂ ನೋಡಿದಳು. ಬಾಟಲಿಯ ಬಾಯಿಗೆ ನೇರ ಮೇಲೆ, ತಿರುಪಿನ ಎರಡು ಸುತ್ತಿನ ನಡುವೆ, ಕೂದಲೆಳೆಯಷ್ಟು ತೆಳ್ಳಗೆ, ಕೆಂಪು.

ಅಕ್ಟೋಬರ್ ಹನ್ನೊಂದು, ಶುಕ್ರವಾರ, ಆಯುಧಪೂಜೆ. ಜೀಪಿಗೆ, ಹುಲ್ಲು ಕತ್ತರಿಸುವ ಮಿಷನ್ನಿಗೆ, ಸೆಂಟ್ರಿಫ್ಯೂಜಿಗೆ, ಫ್ರೀಜರಿಗೆ, ಎಲ್ಲಕ್ಕೂ ಚೆಂಡುಹೂವು. ಕೋಣೆಯ ಬಾಗಿಲಿನ ಮೇಲೆ ‘ಅನುಮತಿ ಇಲ್ಲದೆ ಪ್ರವೇಶವಿಲ್ಲ’ ಎಂಬ ಫಲಕಕ್ಕೂ ಒಂದು ಹೂವು. ಹನ್ನೆರಡು ಜನ ಬರಿಗಾಲಲ್ಲಿ ತುಂಬುವ ಕೋಣೆಯೊಳಗೆ ನಿಂತಿದ್ದಾರೆ, ಕರ್ಪೂರದ ಹೊಗೆ ಫಿಲ್ಟರು ಹಾದು ಬಂದ ಗಾಳಿಯಲ್ಲಿ ಸುತ್ತುತ್ತಿದೆ. ಅವಳು ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕ. ನಾಲ್ಕು ವರ್ಷದಿಂದ ಅವಳ ಜಾಗ ಅದು. ಯಾರೂ ಹೇಳಿರಲಿಲ್ಲ, ಅವಳಿಗೇ ಅಭ್ಯಾಸವಾಗಿತ್ತು. ಗಂಡ ಹೋದಾಗ ಅಪ್ಪ ನಂಜುಂಡಯ್ಯ, ‘ನಮ್ಮಲ್ಲಿ ಸೂತಕ ಇಲ್ಲ ಕಣಮ್ಮ, ಹಣೇ ಮೇಲೆ ವಿಭೂತಿ ಇದ್ರೆ ಸಾಕು’ ಎಂದಿದ್ದರು. ಹನ್ನೊಂದನೆಯ ದಿನ ಓಣಿಯ ಹೆಂಗಸರು ಬಂದು ಕುಂಕುಮದ ಭರಣಿಯನ್ನು ಅವಳ ಕಣ್ಣೆದುರಿಂದ ಎತ್ತಿಟ್ಟಾಗ ಮಾತ್ರ ಅಪ್ಪ ಪೇಪರಿನಿಂದ ತಲೆ ಎತ್ತಿರಲಿಲ್ಲ. ಆ ದಿನ ಪೂಜೆಯಲ್ಲಿ ಪ್ರತಾಪನ ತಾಯಿ ಸುಲೋಚನಮ್ಮ ತಟ್ಟೆ ಹಿಡಿದು ಸುತ್ತ ನೋಡಿ, “ಎಲ್ಲಿ ನಮ್ ದ್ರಾಕ್ಷಾಯಣಿ? ಈ ಮಿಷನ್ನು ಅವಳ್ದು. ಬಾರಮ್ಮ ಮುಂದೆ, ನೀನೇ ಹಚ್ಚು,” ಎಂದುಬಿಟ್ಟರು. ಪುಟ್ಟಸ್ವಾಮಿ ಸೂರು ನೋಡಿದ. ಆ ಗಳಿಗೆಯಲ್ಲಿ, ಕುಂಕುಮವೂ ಅರಿಶಿನದ ಪುಡಿಯೇ, ಈ ಕೋಣೆಗೆ ಪುಡಿ ತರಬಾರದು, ಹಚ್ಚುವುದೇ ಆದರೆ ಹೊರಗಿನ ಮೋಟರಿಗೆ ಹಚ್ಚೋಣ ಎಂದು ಹೇಳಬೇಕಾದವಳು ಅವಳೊಬ್ಬಳೇ. ಹೇಳಲಿಲ್ಲ. ನಾಲ್ಕು ವರ್ಷದ ಮೇಲೆ ಉಂಗುರದ ಬೆರಳನ್ನು ಕುಂಕುಮಕ್ಕೆ ಅದ್ದಿದಾಗ ಅದರ ನುಣುಪು ಮರೆತೇ ಹೋಗಿತ್ತೆನ್ನಿಸಿ, ಯಂತ್ರದ ಮೈಮೇಲೆ ಎಷ್ಟೋ ಜಾಗವಿದ್ದರೂ ನಟ್ಟನಡುವಿನ ಕಾಲರು ಹಣೆಯ ಹಾಗೆ ಕಂಡು, ಅಲ್ಲಿಗೇ ಇಟ್ಟಳು. ದುಂಡಗೆ ಬಂತು. ಸೋಮವಾರ ಬಾಟಲಿ ತುಂಬುವ ಮುಂಚೆ ಸ್ಪಿರಿಟ್ಟಿನ ಬಟ್ಟೆಯಿಂದ ಮೂರು ಸಲ ಒರೆಸಬೇಕೆಂಬುದು ಅವಳೇ ಬರೆದಿಟ್ಟ ಕ್ರಮ. ಎರಡು ಸಲ ಒರೆಸಿದಳು. ಮೂರನೆಯದಕ್ಕೆ ಕೈ ಏಳಲಿಲ್ಲ.

ಯಂತ್ರ ಅದುರಿದಂತೆ ಸಡಿಲ ಪುಡಿ ಮೊದಲ ಒಂಬತ್ತು ಬಾಟಲಿಗೆ ಉದುರಿತ್ತು, ತಿರುಪಿನಲ್ಲಿ ಅಂಟಿದ್ದಷ್ಟೇ ಉಳಿದಿತ್ತು. ಹಾಗಾದರೆ ಆಯಿತು, ತಪ್ಪು ತನ್ನದು ಎಂದುಕೊಂಡಾಗ ದುಃಖ ಬರುತ್ತದೆ ಅಂದುಕೊಂಡಿದ್ದಳು, ಬಂದದ್ದು ಸಿಟ್ಟು. ಮೊದಲು ತನ್ನ ಮೇಲೆ. ಆಮೇಲೆ, ಒಂದು ಚಿಟಿಕೆ ಪುಡಿಯಿಂದ ಮನುಷ್ಯಳನ್ನು ಹಿಂದಕ್ಕೆ ನಿಲ್ಲಿಸುವ, ಅದೇ ಚಿಟಿಕೆ ಕೊಟ್ಟು ಮುಂದೆ ಕರೆಯುವ, ಕರೆದಾಗ ಓದಿದ್ದನ್ನೆಲ್ಲ ಮರೆಯುವಷ್ಟು ಹಸಿದಿರುವಂತೆ ಮಾಡಿಟ್ಟ ಎಲ್ಲರ ಮೇಲೆ. ಸೂಜಿಯ ಮೊನೆಯಿಂದ ಆ ಕೆಂಪನ್ನು ಕೆರೆದು, ಶುದ್ಧ ನೀರಿಗೆ ಹಾಕಿ, ಎಂಬತ್ತು ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದಳು, ಬೀಜಾಣುಗಳ ಹೊರತು ಬೇರೇನೂ ಬದುಕದಂತೆ. ಕಾದ ನೀರನ್ನು ಪ್ಲೇಟಿಗೆ ಹರಡಿ, ಕಾಲರಿಗೆ ಬೀಜಾಣು ಕೊಲ್ಲುವ ದ್ರಾವಣ ಬಳಿದು, ಕೋಣೆಗೆ ಬೀಗ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಪ್ಲೇಟಿನ ತುಂಬ ಅದೇ ಬೂದು ಗಂಜಿ. ಪ್ರತಾಪನ ಕೋಣೆಗೆ ಬಾಟಲಿಯದು, ಕಾಲರಿನದು ಎರಡೂ ಪ್ಲೇಟು ಒಯ್ದು ಮೇಜಿನ ಮೇಲಿಟ್ಟು, ನಿಧಾನವಾಗಿ, ಮೊದಲಿನಿಂದ ಕೊನೆಯತನಕ ಹೇಳಿದಳು. ಹಚ್ಚಿದ್ದು ತಾನು, ಒರೆಸುವುದರಲ್ಲಿ ಒಂದು ಸಲ ಬಿಟ್ಟಿದ್ದು ತಾನು, ಕೊನೆಯ ಬಾಟಲಿಯನ್ನು ಮಾತ್ರ ಪರೀಕ್ಷಿಸಿ ಸಹಿ ಹಾಕಿದ್ದೂ ತಾನು. ಪುಟ್ಟಸ್ವಾಮಿ ಮಸ್ಟರ್ ರೋಲು ಹಿಡಿದು ಅಲ್ಲೇ ನಿಂತಿದ್ದ. ಸುಲೋಚನಮ್ಮ ಮಗನಿಗೆ ಕಾಫಿ ತಂದವರು ಕೂತುಬಿಟ್ಟಿದ್ದರು. ಪ್ರತಾಪ್ ಹಣೆ ಉಜ್ಜಿಕೊಂಡ. “ಕುಂಕುಮ ಅಂತ ಮೈಸೂರಿಗೆ ಬರಿಯಾದಾ ಮೇಡಂ? ನಗ್ತಾರೆ. ನಾಳೆ ಯಾರಾದ್ರೂ ಫೋನಲ್ಲಿ ಹಾಕಿದ್ರೆ, ಪೂಜೆ ಬಗ್ಗೆ ಹಿಂಗಂದ್ರು ಅಂತ ಬೇರೆ ರಾದ್ಧಾಂತ ಆಯ್ತದೆ. ನಿಮಗ್ಯಾಕೆ ಬೇಕು? ಗಂಗಾಮಣಿ ಹೆಸರಾದ್ರೆ ಯಾರೂ ಕೇಳಲ್ಲ.”

“ಯಾರೂ ಕೇಳಲ್ಲ ಅಂತಲೇ ಅವಳ ಹೆಸರು ಬರೆದಿದ್ದು ನೀವು.”

“ಅಂಗಲ್ಲ ಮಾರಾಯ್ತಿ...” ಎಂದವನು ಬಾಯಿ ಜಾರಿದ್ದಕ್ಕೆ ತಡೆದು, “ಅಂಗಲ್ಲ ಮೇಡಂ,” ಎಂದ. ಅಷ್ಟರಲ್ಲಿ ಪುಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡ. “ನಾ ಏಳ್ಬಾರ್ದು, ಆದ್ರೂ ಏಳ್ತೀನಿ ಅಣ್ಣ. ಇಷ್ಟ್ ವರ್ಸ ಆಯುಧಪೂಜೆ ಮಾಡಿದೀವಿ. ಯಾವತ್ತೂ ಬಾಟ್ಲಿ ಕೆಟ್ಟಿರ್ನಿಲ್ಲ. ಈ ಸಲ ಯಾಕ್ ಕೆಟ್ಬುಡ್ತು? ಯಾರ್ ಕೈಲಿ ಹಚ್ಚಿಸಬೇಕಿತ್ತೋ ಅವರ ಕೈಲಿ ಹಚ್ಚಿಸಿದ್ರೆ...” ಮಾತನ್ನು ಅಲ್ಲಿಗೇ ಬಿಟ್ಟು, ಮಸ್ಟರ್ ರೋಲಿನ ಹಾಳೆ ತಿರುವಿದ.

ಅವಳು ಸುಲೋಚನಮ್ಮನ ಮುಖ ನೋಡಿದಳು. ಅವರು ‘ಬಾಯ್ಮುಚ್ಚೋ’ ಎನ್ನುತ್ತಾರೆ ಎಂದು ಕಾದಳು. ಆ ಕಾಯುವಿಕೆಯಲ್ಲೇ ತಾನು ಇನ್ನೂ ಬಾಗಿಲ ಪಕ್ಕ ನಿಂತಿರುವುದು ತಿಳಿಯಿತು. ಸುಲೋಚನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ನಿಜವಾದ ಮರುಕದಿಂದ, “ನಂದೇ ತಪ್ಪು ಕಣಮ್ಮ. ಅವತ್ತು ನಿನ್ ಕೈಲಿ ಹಚ್ಚಿಸ್ಬಾರ್ದಿತ್ತು. ನಿಂಗೆ ಒಳ್ಳೇದಾಗ್ಲಿ ಅಂತ್ಲೇ ಕರ್ದೆ. ನಿನ್ ಮ್ಯಾಲೇ ಬಂತು,” ಎಂದರು.

ಕೊಟ್ಟದ್ದನ್ನು ಹೀಗೆ ವಾಪಸು ತೆಗೆದುಕೊಳ್ಳಲೂ ಬರುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಆಯುಧಪೂಜೆಯ ದಿನದಿಂದ ಎದೆಯಲ್ಲಿ ಕಾಪಾಡಿಕೊಂಡು ಬಂದ ಒಂದು ದುಂಡು ಕೆಂಪು, ಒರೆಸಲು ಕೈ ಏಳದೇ ಹೋದದ್ದು, ಎಷ್ಟು ಹಗುರವಾಗಿ ಒರೆಸಿಹೋಯಿತು! ಅವಳು ಓದಿದ್ದು, ಕಾಯಿಸಿದ್ದು, ಎಣಿಸಿದ್ದು ಎಲ್ಲ ಸೇರಿ ಈಗ ಪುಟ್ಟಸ್ವಾಮಿಯ ಮಾತಿಗೆ ಸಾಕ್ಷಿಯಾಗಿ ನಿಂತಿತ್ತು. ಕುಂಕುಮದಿಂದ ಕೆಟ್ಟಿತು ಎಂದು ಬರೆದರೆ, ಈ ಬೆಟ್ಟದ ಕೂಲಿಯವರ ಲೈನುಮನೆಗಳಲ್ಲೆಲ್ಲ ಓದಿಕೊಳ್ಳುವುದು ‘ಅವಳ ಕೈಯಿಂದ ಕೆಟ್ಟಿತು’ ಎಂದೇ. ಬರೆಯದಿದ್ದರೆ ಗಂಗಾಮಣಿಯ ಕೈ. ಎರಡರಲ್ಲಿ ಯಾವುದಾದರೂ ಒಂದು ಹೆಂಗಸಿನ ಕೈಯೇ ಇವರಿಗೆ ಬೇಕು. ಪುಡಿಯ ಕಡೆ ಯಾರೂ ನೋಡುವುದಿಲ್ಲ. ಅವಳು ಸುಲೋಚನಮ್ಮನ ಕಡೆ ತಿರುಗಿದಳು. “ಅಮ್ಮಾ, ನಿಮ್ಮ ದೇವರಮನೆ ಭರಣಿಯಿಂದ ಒಂದು ಚಮಚ ಕುಂಕುಮ ಕೊಡಿ. ನೀವು ಬಿಟ್ಟು ಬೇರೆ ಯಾರೂ ಮುಟ್ಟದ್ದು. ಪುಟ್ಟಸ್ವಾಮಿ, ಪಾಳ್ಯಕ್ಕೆ ಜೀಪು ಹೋಗ್ತಿದೆಯಲ್ಲ, ಪೂಜೆಗೆ ತಂದಿದ್ದ ಅದೇ ಅಂಗಡಿಯಿಂದ ಅದೇ ಕಂಪನಿ ಕುಂಕುಮದ ಪೊಟ್ಟಣ ಒಂದು. ಒಡೀಬೇಡಿ.”

“ಯಾಕ್ ಮೇಡಂ, ಇನ್ನೊಂದ್ ಪೂಜೆನಾ?” ಎಂದ ಪುಟ್ಟಸ್ವಾಮಿ.

“ಹೌದು. ನಿಮ್ಮ ಮಾತಿಗೆ.”

ಮಧ್ಯಾಹ್ನ ಪೊಟ್ಟಣ ಬಂತು, ಸೀಲು ಮಾಡಿದ ಪ್ಲಾಸ್ಟಿಕ್ಕು, ಮೇಲೆ ಲಕ್ಷ್ಮಿಯ ಚಿತ್ರ. ಅದರ ಹೊರಮೈಯನ್ನೂ ದ್ರಾವಣದಲ್ಲಿ ಒರೆಸಿ, ಗ್ಲೌಸಿನ ಕೈಯಲ್ಲಿ, ಬೇಯಿಸಿದ ಕತ್ತರಿಯಿಂದ ಮೂಲೆ ಕತ್ತರಿಸಿದಳು. ಗಂಗಾಮಣಿ ಗಾಜಿನ ಆಚೆ ನಿಂತು ನೋಡುತ್ತಿದ್ದಳು. ಅವಳನ್ನು ಕರೆಸಿದ್ದು ದ್ರಾಕ್ಷಾಯಣಿಯೇ. ಒಂದು ಗ್ರಾಂ ತೂಗಿ ನೂರು ಮಿಲಿಲೀಟರ್ ನೀರಿಗೆ. ಭರಣಿಯದೂ ಅಷ್ಟೇ, ಬೇರೆ ಬುಡ್ಡಿಯಲ್ಲಿ. ಎಂಬತ್ತು ಡಿಗ್ರಿ, ಹತ್ತು ನಿಮಿಷ. ನೀರು ಎರಡರಲ್ಲೂ ಒಂದೇ ಕೆಂಪು. ಹತ್ತನೇ ಒಂದು ಮಿಲಿಲೀಟರಿನಂತೆ, ಅಂದರೆ ಗ್ರಾಮಿನ ಸಾವಿರದಲ್ಲೊಂದು ಪಾಲು ಕುಂಕುಮ, ಎರಡೆರಡು ಪ್ಲೇಟಿಗೆ ಹರಡಿದಳು. ಏನೂ ಬೆರೆಸದ ಬರೀ ನೀರಿಗೂ ಒಂದು ಪ್ಲೇಟು. ಹೊರಬಂದಾಗ ಗಂಗಾಮಣಿ, “ಬುಧವಾರ ನಂಗೆ ಒತ್ತಿಸ್ದಂಗೆ ಈಗ ಲಕ್ಷ್ಮಮ್ಮಂಗೂ ಒತ್ತಿಸ್ಬುಟ್ರಿ,” ಎಂದಳು. ನಗೆಯಲ್ಲ ಅದು, ಸಿಟ್ಟೂ ಅಲ್ಲ. “ಗಂಗಾಮಣಿ, ಅವತ್ತು ಒತ್ತಿಸಬಾರದಿತ್ತು. ಆಗಲ್ಲ ಅನ್ನಬೇಕಿತ್ತು. ಅನ್ನಲಿಲ್ಲ, ಹೆದರಿದೆ,” ಎಂದಳು ದ್ರಾಕ್ಷಾಯಣಿ. ಗಂಗಾಮಣಿ, “ನಾಳೆ ಎಲ್ಲಾರ್ ಮುಂದೂ ಅನ್ನಿ ಅದ್ನ. ಪುಟ್ಸಾಮೀನೂ ಇರ್ಲಿ,” ಎಂದು ಹೇಳಿ ದೊಡ್ಡಿಯ ಕಡೆ ನಡೆದಳು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಎಲ್ಲರೂ ಲ್ಯಾಬಿನಲ್ಲಿದ್ದರು. ಬರೀ ನೀರಿನ ಪ್ಲೇಟು ಖಾಲಿ. ಉಳಿದ ನಾಲ್ಕನ್ನೂ ಬೆಳಕಿಗೆ ಹಿಡಿದು, ಒಂದೊಂದು ಕಾಲೊನಿಗೂ ಪ್ಲೇಟಿನ ಬೆನ್ನಿಗೆ ಚುಕ್ಕೆಯಿಡುತ್ತ, ಬಾಯಿಬಿಟ್ಟು ಎಣಿಸಿದಳು. ಸುಲೋಚನಮ್ಮ ಜೊತೆಗೆ ತುಟಿ ಅಲ್ಲಾಡಿಸುತ್ತಿದ್ದರು, ಜಪದ ಹಾಗೆ. ನೂರ ಎಂಬತ್ತಾದ ಮೇಲೆ ನಿಲ್ಲಿಸಿದರು. ಅವರ ಭರಣಿಯದು ಇನ್ನೂರ ಮೂವತ್ತರ ಸುಮಾರು. ಪೊಟ್ಟಣದ ಎರಡು ಪ್ಲೇಟುಗಳು: ಇನ್ನೂರ ನಾಲ್ಕು, ಇನ್ನೂರ ಹದಿನಾರು. “ಎಲ್ಲಾ ಕುಂಕುಮದಾಗೂ ಐತಾ ಹಂಗಾದ್ರೆ? ನನ್ ಹಣೇಲೂ?” ಎಂದರು ಸುಲೋಚನಮ್ಮ. “ನಿಮ್ಮ ಹಣೆಗೆ ಏನೂ ಮಾಡಲ್ಲಮ್ಮ. ಸೀರಮ್ಮಿಗೆ ಮಾಡುತ್ತೆ. ಯಾರು ಹಚ್ಚಿದ್ರೂ ಮಾಡುತ್ತೆ. ನೀವು ಹಚ್ಚಿದ್ರೂ.” ಅವರು ಅವಳ ಕೈ ಹಿಡಿಯಲು ಬಂದರು. ಅವಳು ಗ್ಲೌಸು ಬಿಚ್ಚಲಿಲ್ಲ. ಪುಟ್ಟಸ್ವಾಮಿ, “ಕಂಪ್ನಿಯೋರು ಯಾರ್ ಕೈಲಿ ತುಂಬ್ಸಿದ್ರೋ,” ಎಂದು ಮೆಲ್ಲಗೆ ಅಂದ. ಈ ಸಲ ಆಳುಗಳು ನಗಲಿಲ್ಲ. ನಕ್ಕವಳು ಗಂಗಾಮಣಿ, ಒಬ್ಬಳೇ, ಜೋರಾಗಿ.

ಬುಧವಾರ ಒತ್ತಿಸಿಕೊಳ್ಳುವ ಮುಂಚೆಯೇ ತನಗೆ ಗೊತ್ತಿತ್ತೆಂದು ದ್ರಾಕ್ಷಾಯಣಿ ಎಲ್ಲರ ಮುಂದೆ ಹೇಳಿದಳು. ಪ್ರತಾಪ್, “ಕಳಿಸಿದ್ರೆ ನಿಮ್ಮನ್ನ ಇಟ್ಕೊಳ್ಳೋಕೆ ನನಗೆ ಕಷ್ಟ ಆಯ್ತದೆ ಮೇಡಂ,” ಎಂದ. “ಗೊತ್ತು,” ಎಂದು ಅವಳು ಕಂಪ್ಯೂಟರಿನ ಮುಂದೆ ಕೂತಳು. ಟೈಪಾಗಿ ಬಂದಿದ್ದ ವರದಿಯಲ್ಲಿ ‘ಕೆಲಸಗಾರ್ತಿ’ ಎಂಬ ಸಾಲನ್ನು ಅಳಿಸಿ ಬರೆಯತೊಡಗಿದಳು. ತುಂಬುವ ಯಂತ್ರದ ಕಾಲರಿಗೆ ಅಕ್ಟೋಬರ್ 11ರಂದು ಕುಂಕುಮ ಹಚ್ಚಲಾಯಿತು. ಹಚ್ಚಿದವರು: ದ್ರಾಕ್ಷಾಯಣಿ, ಗುಣಮಟ್ಟ ಪರೀಕ್ಷಕಿ. ಮೂರು ಸಲ ಒರೆಸಬೇಕಾದದ್ದನ್ನು ಎರಡು ಸಲ ಒರೆಸಲಾಯಿತು, ಒರೆಸಿದವರು ಅವರೇ. ಪರೀಕ್ಷಿಸಿದ್ದು ನಲವತ್ತೆಂಟನೆಯ ಬಾಟಲಿಯನ್ನು ಮಾತ್ರ. ಮೂರು ವರ್ಷದಿಂದ ಹಾಗೆಯೇ. ರಕ್ತ ತೆಗೆಯುವ ಗಂಗಾಮಣಿ ಅವರ ಕೈಗೂ ಈ ದೋಷಕ್ಕೂ ಸಂಬಂಧವಿಲ್ಲ. ಬಿಂದುಶ್ರೀಯ ವಿಳಾಸವನ್ನೂ ಸೇರಿಸಿದಳು. ಗಡಿಯಾರದಲ್ಲಿ ನಾಲ್ಕು ಐವತ್ತೆರಡು. ಕೊನೆಯ ಸಾಲು ಸೇರಿಸಿದಳು. ಅಂಗಡಿಯಿಂದ ಸೀಲು ಒಡೆಯದೆ ತಂದು, ಯಾರ ಕೈಯೂ ಸೋಕದೆ ಪರೀಕ್ಷಿಸಿದ ಕುಂಕುಮದಲ್ಲಿ ಜೀವಂತ ಬೀಜಾಣುಗಳು: ಗ್ರಾಂ ಒಂದಕ್ಕೆ ಎರಡು ಲಕ್ಷದ ಹತ್ತು ಸಾವಿರ.